ಸಹಾಯ ಬೇಕು: ಅಪ್ಪನ ಚರ್ಮದ ಲಿಂಫೋಮಾಗೆ ಮನೇಲೇ ಲೈಟ್ ಕೊಡಬಹುದಾ?

ಅಪ್ಪನಿಗೆ 62. ಸೊಂಟ, ತೊಡೆ ಮೇಲಿನ ಕೆಂಪು ಮಚ್ಚೆಗೆ ಎರಡು ವರ್ಷ ಹುಳುಕಡ್ಡಿ ಅಂತ ಮುಲಾಮು ಹಚ್ಚಿದ್ವಿ. ಬಯಾಪ್ಸಿಯಲ್ಲಿ ಮೈಕೋಸಿಸ್ ಫಂಗಾಯ್ಡಿಸ್ (ಚರ್ಮದಲ್ಲಿ ಬರೋ ಲಿಂಫೋಮಾ, ಅಂದ್ರೆ ಒಂಥರಾ ಕ್ಯಾನ್ಸರ್), ಆರಂಭದ ಹಂತ ಅಂತ ಬಂತು. ಹೆಸರು ಹಾಗಿದ್ರೂ ಇದು ಫಂಗಸ್ ಅಲ್ಲ, ಅಂಟೋದೂ ಇಲ್ಲ. ನೆಂಟರಿಗೆ ಹೇಳಿ ಹೇಳಿ ಸಾಕಾಗಿದೆ.

ಚಿಕಿತ್ಸೆ ಅಂದ್ರೆ ವಾರಕ್ಕೆ 3 ಸಲ ನ್ಯಾರೋಬ್ಯಾಂಡ್ ಯುವಿಬಿ, ಚರ್ಮಕ್ಕೆ ಕೊಡೋ ಒಂದು ಬಗೆಯ ಅಲ್ಟ್ರಾವಯಲೆಟ್ ಲೈಟ್. ಹಾಸನದಿಂದ ಬೆಂಗಳೂರಿಗೆ ಹೋಗಿ, ಕಪ್ಪು ಕನ್ನಡಕ ಹಾಕ್ಕೊಂಡು ಲೈಟ್ ಪೆಟ್ಟಿಗೆಯೊಳಗೆ ನಿಲ್ಲೋದು ಕೆಲವೇ ನಿಮಿಷ, ಬಸ್ಸಲ್ಲಿ ಇಡೀ ದಿನ. 22 ಸಲಕ್ಕೆ ತೊಡೆಯ ಮಚ್ಚೆ ಮಾಸಿತ್ತು. ಜ್ವರ ಬಂದು ಮೂರು ವಾರ ತಪ್ಪಿತು, ಈಗ ಡೋಸ್ ಮತ್ತೆ ಕಮ್ಮಿಯಿಂದ ಶುರು. ಬಿಸಿಲಿಗೆ ಕೂರಿಸಲಾ ಅಂತ ಕೇಳಿದ್ದಕ್ಕೆ ಡಾಕ್ಟರ್ ಬೇಡವೇ ಬೇಡ ಅಂದ್ರು. ಮನೆಗೆ ಮೆಷಿನ್ ತರಬಹುದು, ಆದ್ರೆ ಡೋಸ್ ನೋಡ್ಕೊಳ್ಳೋರು ಬೇಕಂತೆ.

ಇದೇ ಕಾಯಿಲೆಗೆ ಮನೇಲಿ ಈ ನ್ಯಾರೋಬ್ಯಾಂಡ್ (311 ನ್ಯಾನೋಮೀಟರ್) ಲೈಟ್ ತಗೊಂಡವರು ಇದ್ದೀರಾ? ನಿಮ್ಮ ಡೋಸ್ ಯಾರು, ಹೇಗೆ ನೋಡ್ಕೊಂಡ್ರು?