ಕೊಡಗಿನಲ್ಲಿ ಸೈಕಲ್, ಟೆಂಟ್, ವ್ಯಾನ್: ಹೋಗಿ ಬಂದವರು ಸ್ವಲ್ಪ ಹೇಳಿ

ನಾವು ನಾಲ್ಕು ಜನ, ಮೈಸೂರಿನವರು. ಡಿಸೆಂಬರ್ ಕೊನೆಗೆ ಮೂರು ರಾತ್ರಿ ಕೊಡಗಿನಲ್ಲಿ ಇರೋಣ ಅಂತ. ನನಗೂ ತಮ್ಮನಿಗೂ ಮೌಂಟನ್ ಬೈಕ್ ಹುಚ್ಚು, ನಮಗೆ ಟೆಂಟ್ ಸಾಕು. ಅಕ್ಕ ಭಾವ ಬಾಡಿಗೆಗೆ ಕ್ಯಾಂಪರ್ ವ್ಯಾನ್ ತರುತ್ತಾರೆ. ಹಾರಂಗಿ ಅಥವಾ ಚಿಕ್ಲಿಹೊಳೆ ಹಿನ್ನೀರಿನ ಪಕ್ಕ ಟೆಂಟ್ ಹಾಕಬಹುದಾ? ತಡಿಯಂಡಮೋಳ್ ಮೇಲೆ ಸೈಕಲ್ ಹೋಗುತ್ತಾ? ವ್ಯಾನ್ ಎಲ್ಲಿವರೆಗೆ ಹೋಗುತ್ತೆ?

ಸುಂಟಿಕೊಪ್ಪ ಕಡೆಯ ತೋಟದವನು:

ಹಿನ್ನೀರಿನ ಪಕ್ಕ ಹಾಕಬೇಡಿ. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಎಲ್ಲರ ಕಣ್ಣು ಬೀಳೋದು ಅಲ್ಲಿಗೇ. ಹಾರಂಗಿ ಪೂರ್ತಿ ತುಂಬಿದರೆ ಮಟ್ಟ 2859 ಅಡಿ. ಮಳೆಗಾಲ ಮುಗಿದ ಮೇಲೆ ನೀರು ನಿಧಾನಕ್ಕೆ ಇಳಿಯುತ್ತೆ, ಇಳಿದ ಕಡೆ ಹುಲ್ಲು ಚಿಗುರಿ ದೂರದಿಂದ ಹಾಸಿಗೆ ಹಾಸಿದ ಹಾಗೆ ಕಾಣುತ್ತೆ. ಕಾಲಿಟ್ಟರೆ ಕೆಸರು. ಆ ಹುಲ್ಲು ನಿಮಗಿಂತ ಮುಂಚೆ ಆನೆಗೆ ಕಂಡಿರುತ್ತೆ, ಅದು ದೊಡ್ಡ ವಿಷಯ. ಆನೆಕಾಡು, ಮೀನುಕೊಲ್ಲಿ, ದುಬಾರೆ, ಎಲ್ಲ ಹತ್ತಿರದ ಕಾಡುಗಳೇ. ಜಾಗವೂ ಸರ್ಕಾರದ್ದು, ಕೇಳದೆ ಮಲಗಿದರೆ ರಾತ್ರಿಯೇ ಎಬ್ಬಿಸಿ ಕಳಿಸಬಹುದು.

ನಾನೇ ಒಂದು ಸಲ ಬುದ್ಧಿ ಕೆಟ್ಟು ನಮ್ಮ ತೋಟದ ಕೆರೆ ಏರಿ ಮೇಲೆ ಸ್ನೇಹಿತರಿಗೆ ಟೆಂಟ್ ಹಾಕಿಸಿದ್ದೆ. ಸೋಲಾರ್ ಬೇಲಿ ಇದೆ ಅನ್ನೋ ಧೈರ್ಯ. ರಾತ್ರಿ ಎರಡರ ಸುಮಾರಿಗೆ ಪಟ್ ಅಂತ ಮರ ಮುರಿದ ಸದ್ದು. ಮರವನ್ನೇ ಬೇಲಿ ಮೇಲೆ ಕೆಡವಿ ದಾಟಿ ಬಂದಿದ್ದವು, ಮೂರು ಆನೆ, ಒಂದು ಮರಿ. ನಾವು ಪಂಪ್‌ಹೌಸ್ ಒಳಗೆ ನಾಲ್ಕು ಜನ ನಿಂತುಕೊಂಡೇ ಬೆಳಗು ಮಾಡಿದೆವು. ಬೆಳಿಗ್ಗೆ ನೋಡಿದರೆ ಟೆಂಟ್‌ಗೆ ಏನೂ ಆಗಿಲ್ಲ, ಪಕ್ಕದಲ್ಲಿ ಮಲಗಿಸಿದ್ದ ಸೈಕಲ್‌ನ ಹಿಂದಿನ ಚಕ್ರ ಮಾತ್ರ ಹಪ್ಪಳ! ಲದ್ದಿ ತುಂಬ ಕಾಫಿ ಬೀಜ. ನಮ್ಮ ರೈಟರ್‌ಗೆ, ಅಂದರೆ ತೋಟದ ಲೆಕ್ಕ ಬರೆಯುವವನಿಗೆ, ಚಕ್ರದ ಚಿಂತೆ ಇಲ್ಲ, ಎಷ್ಟು ಹಣ್ಣು ತಿಂದು ಹೋದವು ಅನ್ನೋದೇ ಲೆಕ್ಕ.

ಹಾಗಾದ್ರೆ ಎಲ್ಲಿ? ಮನೆ ಪಕ್ಕ. ಹೋಂಸ್ಟೇ ಇರುವ ತೋಟದವರನ್ನೇ ಕೇಳಿ, ರೂಮ್ ಬೇಡ, ಟೆಂಟ್ ಹಾಕೋಕೆ ಅಂಗಳದಲ್ಲಿ ಜಾಗ ಕೊಡ್ತೀರಾ ಅಂತ. ಎಷ್ಟೋ ಜನ ಒಪ್ಪುತ್ತಾರೆ. ನಾಯಿ ಇರುತ್ತೆ, ಲೈಟ್ ಇರುತ್ತೆ, ಬೆಳಿಗ್ಗೆ ಕಡುಬೋ ಅಕ್ಕಿ ರೊಟ್ಟಿಯೋ ಸಿಗುತ್ತೆ. ಎಲ್ಲಕ್ಕಿಂತ ಒಳ್ಳೆ ಜಾಗ ಕಣ, ಅಂದರೆ ಕಾಫಿ ಒಣಗಿಸುವ ಸಿಮೆಂಟ್ ನೆಲ. ಸಮತಟ್ಟು, ನೀರು ನಿಲ್ಲಲ್ಲ, ಮೇಲೆ ಮರ ಇಲ್ಲ. ಆದರೆ ನೀವು ಬರೋದು ಡಿಸೆಂಬರ್‌ನಲ್ಲಿ. ಅರೇಬಿಕಾ ಕೊಯ್ಲು ಜೋರಾಗಿರುತ್ತೆ, ಕಣದ ತುಂಬ ಕಾಫಿ. ಅದು ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು. ಬುಕ್ ಮಾಡುವಾಗ "ಕಣ ಖಾಲಿ ಇದೆಯಾ" ಅಂತ ಕೇಳಿ. ಇನ್ನೊಂದು, ಸಿಲ್ವರ್ ಓಕ್ ಕೆಳಗೆ ಮಾತ್ರ ಮಲಗಬೇಡಿ, ಗಾಳಿಗೆ ಅದರ ಒಣಕೊಂಬೆ ಹೇಳದೆ ಕೇಳದೆ ಬೀಳುತ್ತೆ.

ಕಕ್ಕಬ್ಬೆಯಲ್ಲಿ ಸೈಕಲ್ ತುಳಿಯುವವನು:

ತಡಿಯಂಡಮೋಳ್ ಕೊಡಗಿನಲ್ಲೇ ಎತ್ತರ, 1748 ಮೀಟರ್. ಅದು ನಡೆಯೋ ದಾರಿ. ಅರಣ್ಯ ಇಲಾಖೆ ಅನುಮತಿ ಬೇಕು, ರಾತ್ರಿ ಮೇಲೆ ಉಳಿಯೋ ಹಾಗಿಲ್ಲ. ಕೊನೆಯ ಶೋಲಾ ಕಾಡಿನ ಏರು ಎಷ್ಟು ಕಡಿದು ಅಂದ್ರೆ ಸೈಕಲ್ ಬಿಟ್ಟರೂ ಬಿಡದ ಹಾಗೆ ಹೆಗಲ ಮೇಲೇ ಇರುತ್ತೆ. ಅದರ ಬದಲು ಕಬ್ಬಿನಕಾಡಿನಿಂದ ನಾಲ್ಕುನಾಡು ಅರಮನೆವರೆಗೆ ತುಳಿಯಿರಿ, ಅಲ್ಲಿ ಸೈಕಲ್ ಬಿಟ್ಟು ಬೆಟ್ಟ ಹತ್ತಿ.

ಕಲ್ಲು ದಾರಿ ಬೇಕು ಅಂದ್ರೆ ಕೋಟೆಬೆಟ್ಟ. ಜೀಪ್ ಹೋಗುವ ದಾರಿ, ಬಿಡಿ ಕಲ್ಲು ಜಾಸ್ತಿ, ಇಳಿಯುವಾಗ ಮಜಾ. ಮಾಂದಲಪಟ್ಟಿಯಲ್ಲಿ ಜೀಪ್‌ಗಳ ಸಾಲು, ಧೂಳು ಕುಡಿಯೋಕೆ ಅಷ್ಟು ದೂರ ಬರಬೇಕಾ? ತೋಟದೊಳಗಿನ ಕಾಲುದಾರಿಗಳು ನಿಜಕ್ಕೂ ಚೆನ್ನಾಗಿವೆ, ಆದರೆ ಯಾವುದೂ ಸಾರ್ವಜನಿಕ ದಾರಿ ಅಲ್ಲ. ಕೇಳಿ ಹೋಗಿ. ಕೊಯ್ಲಿನ ಸಮಯ ಆದ್ದರಿಂದ ಗಿಡದ ಮಧ್ಯೆ ಕೆಲಸದವರು ಇರುತ್ತಾರೆ, ತಿರುವಿನಲ್ಲಿ ಬೆಲ್ ಹೊಡೆಯುತ್ತಾ ಇಳಿಯಿರಿ. ದೇವರಕಾಡು ಅಂತ ಬೋರ್ಡ್ ಕಂಡರೆ ಸುಮ್ನೆ ವಾಪಸ್ ತಿರುಗಿಸಿ. ಸಂಜೆ ಐದಕ್ಕೆ ಸೈಕಲ್ ಒಳಗೆ ಇರಲಿ. ಬೆಳಿಗ್ಗೆಯೂ ಮಂಜು ಬಿಟ್ಟ ಮೇಲೆ ಹೊರಡಿ, ಸೈಕಲ್‌ಗೆ ಸದ್ದೇ ಇಲ್ಲವಲ್ಲ, ತಿರುವಿನಲ್ಲಿ ಆನೆಗೂ ನಿಮಗೂ ಒಟ್ಟಿಗೇ ಗೊತ್ತಾಗುತ್ತೆ.

ಸೋಮವಾರಪೇಟೆಯವಳು:

ಕೆರೆ ನೋಡಲೇಬೇಕು ಅಂದ್ರೆ ದೊಡ್ಡಮಳ್ತೆಯ ಹೊನ್ನಮ್ಮನ ಕೆರೆಗೆ ಹಗಲು ಹೋಗಿ ಬನ್ನಿ. ಗೌರಿ ಹಬ್ಬಕ್ಕೆ ಬಾಗಿನ ಬಿಡುವ ಕೆರೆ ಅದು, ಅಲ್ಲಿ ಟೆಂಟು, ಬಾಟಲಿ ಎಲ್ಲ ಬೇಡ ದಯವಿಟ್ಟು.

ಎರಡು ಸಲ ವ್ಯಾನ್ ತಂದವರು:

ನಿಮ್ಮ ಭಾವನಿಗೆ ಇದನ್ನು ತೋರಿಸಿ. ಕುಶಾಲನಗರದಿಂದ ಮಡಿಕೇರಿ ಹೆದ್ದಾರಿ ಆರಾಮ. ಹೆದ್ದಾರಿ ಬಿಟ್ಟ ಮೇಲೆ ಕಷ್ಟ ಶುರು. ನಮ್ಮದು ಟೆಂಪೋ ಟ್ರಾವೆಲರ್ ಮೇಲೆ ಕಟ್ಟಿಸಿದ ವ್ಯಾನ್, ಮೇಲೆ ಏಸಿ ಡಬ್ಬ ಬೇರೆ. ಹಲಸಿನ ಕೊಂಬೆ, ಜೋತುಬಿದ್ದ ಕರೆಂಟ್ ತಂತಿ, ಎರಡಕ್ಕೂ ಒಬ್ಬರು ಇಳಿದು ನೋಡುತ್ತಾ ನಡೀಬೇಕಾಯ್ತು. ಎದುರಿಗೆ ಕಾಫಿ ಮೂಟೆ ತುಂಬಿದ ಪಿಕಪ್ ಬಂದಾಗ ಇನ್ನೂರು ಮೀಟರ್ ರಿವರ್ಸ್ ಹೋಗಿದ್ದೇನೆ, ಹೆಂಡತಿ ಇವತ್ತಿಗೂ ನಗುತ್ತಾಳೆ. ಗೂಗಲ್ ಮ್ಯಾಪ್ ತೋರಿಸುವ ಹತ್ತಿರದ ದಾರಿ ನಂಬಬೇಡಿ, ತೋಟದವರಿಗೇ ಫೋನ್ ಮಾಡಿ "ಲಾರಿ ಬರುತ್ತಾ ನಿಮ್ಮ ಗೇಟ್‌ವರೆಗೆ" ಅಂತ ಕೇಳಿ. ಲಾರಿ ಬಂದರೆ ನೀವೂ ಬರಬಹುದು.

ಸಂಜೆ ವೋಲ್ಟೇಜ್ ಬಿದ್ದುಹೋಗುತ್ತೆ. ಮನೆಯಿಂದ ವೈರ್ ಎಳೆದು ಬ್ಯಾಟರಿ ಚಾರ್ಜ್ ಮಾಡಿಕೊಳ್ಳಿ, ಇಂಡಕ್ಷನ್ ಒಲೆ ಮಾತ್ರ ಹಚ್ಚಬೇಡಿ. ನಾವು ಹಚ್ಚಿದ ರಾತ್ರಿ ಮನೆಯವರ ಫ್ಯೂಸೂ ಹೋಯ್ತು, ನಮ್ಮ ಮರ್ಯಾದೆಯೂ ಹೋಯ್ತು. ಟಾಯ್ಲೆಟ್ ಡಬ್ಬ ಖಾಲಿ ಮಾಡೋದು ಮನೆಯವರ ಶೌಚಾಲಯದಲ್ಲೇ, ಅದನ್ನೂ ಮೊದಲೇ ಮಾತಾಡಿಕೊಳ್ಳಿ. ಒಬ್ಬರು ತೋಡಿಗೆ ಸುರಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ತೋಡು ಕಾವೇರಿಗೆ ಸೇರುತ್ತೆ, ಕೆಳಗಿನ ಊರವರು ಅದನ್ನೇ ಕುಡಿಯೋದು ಅಲ್ವಾ.

ಕೇಳಿದವನು:

ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಆನೆ ಕಥೆ ಓದಿ ಅಕ್ಕ ಟೆಂಟ್ ಬೇಡವೇ ಬೇಡ ಅಂತಿದ್ದಾಳೆ. ಚಳಿ ಎಷ್ಟಿರುತ್ತೆ? ಜಿಗಣೆ?

ಕಕ್ಕಬ್ಬೆಯಲ್ಲಿ ಸೈಕಲ್ ತುಳಿಯುವವನು:

ಬೆಳಗಿನ ಜಾವ 12-13 ಡಿಗ್ರಿ ಅಂತ ಲೆಕ್ಕ ಇಟ್ಟುಕೊಳ್ಳಿ. ಚಳಿಗಿಂತ ಇಬ್ಬನಿ ಕಾಟ, ಟೆಂಟ್ ಒಳಗಿನಿಂದಲೂ ಒದ್ದೆ ಆಗುತ್ತೆ. ಜಿಪ್ ಪೂರ್ತಿ ಮುಚ್ಚಬೇಡಿ, ಸೊಳ್ಳೆಪರದೆ ಭಾಗ ತೆರೆದಿಡಿ. ಜಿಗಣೆ ಮಳೆಗಾಲದ ನೆಂಟ, ಡಿಸೆಂಬರ್‌ಗೆ ಕಮ್ಮಿ, ನೆರಳಿನ ತೋಡಿನ ಹತ್ತಿರ ಒಂದೆರಡು ಸಿಗಬಹುದು. ಪುಡಿ ಉಪ್ಪು ಇಟ್ಟುಕೊಳ್ಳಿ. ಬೇಸಿಗೆಗೆ ಬಂದರೆ ಉಣುಗು, ಸಂಜೆ ಸಾಕ್ಸ್ ಒಳಗೆ ನೋಡಿಕೊಳ್ಳಬೇಕು.

ಕೇಳಿದವನು:

ಡಿಸೆಂಬರ್‌ಗೆ ವ್ಯಾನ್ ಮಾತ್ರ ಅಂತ ತೀರ್ಮಾನ ಆಯ್ತು, ನಾವಿಬ್ಬರು ಹೋಂಸ್ಟೇ ರೂಮಲ್ಲಿ. ಟೆಂಟ್ ಮಾರ್ಚ್‌ಗೆ.

ಸುಂಟಿಕೊಪ್ಪ ಕಡೆಯ ತೋಟದವನು:

ಮಾರ್ಚ್ ಒಳ್ಳೇದು. ಕೊಯ್ಲು ಹೆಚ್ಚುಕಮ್ಮಿ ಮುಗಿದು ಕಣ ಖಾಲಿ ಇರುತ್ತೆ, ಅದೃಷ್ಟ ಇದ್ದರೆ ಕಾಫಿ ಹೂ ಸಿಗುತ್ತೆ. ಒಂದೇ ಒಂದು ಮಾತು, ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಾರದಿದ್ದರೆ ನಾವು ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಹೊಡೆಯುತ್ತೇವೆ, ಕರೆಂಟ್ ಬಂದ ಹೊತ್ತಿಗೆ ಪಂಪ್ ಹಾಕೋದು. ಜೆಟ್ (ನೀರು ಹಾರಿಸುವ ಸ್ಪ್ರಿಂಕ್ಲರ್) ತೋಟದ ಯಾವ ಬ್ಲಾಕ್‌ನಲ್ಲಿದೆ ಅಂತ ಕೇಳದೆ ಟೆಂಟ್ ಹಾಕಬೇಡಿ. ಹೋದ ಸಲ ಬಂದವರು ಮೂರು ಗಂಟೆಗೆ ಮೋಡ ಒಡೆಯಿತು ಅಂತ ಎದ್ದು ಓಡಿ ಬಂದು ನಮ್ಮ ಬಾಗಿಲು ಬಡಿದಿದ್ದರು.