ಸಸಿಹಿತ್ಲು ಸರ್ಫಿಂಗ್: ಹಳೆ ಮನೆಯಲ್ಲೇ ಹೋಂಸ್ಟೇಯೋ, ಜಾಗ ತೆಗೆದು ಕಾಟೇಜೋ?

ಪ್ರಶ್ನೆ: ಮಂಗಳೂರು ಹತ್ತಿರದ ಸಸಿಹಿತ್ಲಿನಲ್ಲಿ ಅಮ್ಮನ ಕಡೆಯ ಹಂಚಿನ ಮನೆ ಇದೆ, ಕಡಲಿಂದ ಸುಮಾರು 150 ಮೀಟರ್. ತಂಗಿಯ ಕುಟುಂಬ ಅಲ್ಲೇ ಇದೆ, ನಾನಿರುವುದು ಮಸ್ಕತ್‌ನಲ್ಲಿ. ಸರ್ಫಿಂಗ್‌ಗೆ ಜನ ಬರುತ್ತಾರೆಂದು ಪಕ್ಕದ 20 ಸೆಂಟ್ಸ್ ಗದ್ದೆ ತೆಗೆದು ಆರು ಕಾಟೇಜ್ ಕಟ್ಟುವ ಆಲೋಚನೆ. ಗೊತ್ತಿದ್ದವರು ಹೇಳಿ.

ಸರ್ಫಿಂಗ್ ಕಲಿಸುವವರು: ಕಟ್ಟುವ ಮೊದಲು ಸೀಸನ್ ಲೆಕ್ಕ ಹಾಕಿ. ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆಯುವುದು ಮೂರೇ ದಿನ. ಮಳೆಗಾಲಕ್ಕೆ ಮುಂಚಿನ ದೊಡ್ಡ ಅಲೆ ಸಿಗಲಿ ಎಂದು ಮೇ ಕೊನೆ, ಜೂನ್ ಆರಂಭಕ್ಕೆ ಇಡುತ್ತಾರೆ. 2016ರಲ್ಲಿ ಸಸಿಹಿತ್ಲಿನಲ್ಲಿ ಆಯಿತು, 2023ರಲ್ಲಿ ಪಣಂಬೂರಿನಲ್ಲಿ ನಡೆಯಿತು, 2024ರಲ್ಲಿ ಮತ್ತೆ ಇಲ್ಲಿಗೆ ಬಂತು. ಊರು ಬದಲಾಗುವ ಸ್ಪರ್ಧೆಯನ್ನು ನಂಬಿ ಸಾಲ ಮಾಡಬೇಡಿ.

ದುಡ್ಡು ಬರುವುದು ಕಲಿಯಲು ಬರುವವರಿಂದ. ಅವರಿಗೆ ಬೇಕಾದ ಸಣ್ಣ ಅಲೆ ಅಕ್ಟೋಬರ್‌ನಿಂದ ಮೇವರೆಗೆ ಸಿಗುತ್ತದೆ. ಹೆಚ್ಚಿನವರು ಬೆಂಗಳೂರಿನಿಂದ ಶುಕ್ರವಾರ ರಾತ್ರಿ ಬಸ್ ಹತ್ತಿ ಭಾನುವಾರ ರಾತ್ರಿ ವಾಪಸ್. ಜೂನ್‌ನಿಂದ ಸೆಪ್ಟೆಂಬರ್ ಕಲಿಯುವವರನ್ನು ನೀರಿಗೆ ಇಳಿಸುವಂತೆಯೇ ಇಲ್ಲ. ಅಂದರೆ ಹನ್ನೆರಡು ತಿಂಗಳ ಕಂತನ್ನು ಎಂಟು ತಿಂಗಳ ಶನಿವಾರ, ಭಾನುವಾರಗಳಲ್ಲಿ ದುಡಿಯಬೇಕು. ಹೊಸ ಆರು ಕಾಟೇಜ್‌ಗೆ ಈ ಲೆಕ್ಕ ಕೂಡಿಬರುವುದು ಕಷ್ಟ. ಇರುವ ಮನೆಯ ಎರಡು ಮೂರು ಕೋಣೆಗೆ ಕೂಡಿಬರುತ್ತದೆ.

ಅತಿಥಿಗಳು ಬೆಳಿಗ್ಗೆ ಆರೂವರೆಗೆ ನೀರಿಗೆ ಇಳಿದು ಒಂಬತ್ತರ ಹೊತ್ತಿಗೆ ವಿಪರೀತ ಹಸಿದು ಬರುತ್ತಾರೆ. ಆ ಹೊತ್ತಿಗೆ ಬಿಸಿ ನೀರ್ ದೋಸೆ, ಮೊಟ್ಟೆ, ಬಾಳೆಹಣ್ಣು ಸಿದ್ಧ ಇದ್ದರೆ ಮುಂದಿನ ಸಲವೂ ನಿಮ್ಮಲ್ಲಿಗೇ ಬರುತ್ತಾರೆ.

ಜಾಗದ ಕಾಗದಪತ್ರ ನೋಡುವವರು: ನೀವು ಅನಿವಾಸಿಯಾದರೆ ಫೆಮಾ (ಕೇಂದ್ರದ ವಿದೇಶಿ ವಿನಿಮಯ ಕಾಯ್ದೆ) ನಿಯಮದಂತೆ ಕೃಷಿ ಜಮೀನು ಖರೀದಿಸುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಅಷ್ಟೇ. ಕೃಷಿಕರಲ್ಲದವರು ಜಮೀನು ಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದಿದ್ದಾರೆ, ಈಗ ಯಾರೂ ಕೊಳ್ಳಬಹುದು ಎಂದು ದಲ್ಲಾಳಿಗಳು ಹೇಳುತ್ತಾರೆ. ಅದು ರಾಜ್ಯದ ಕಾನೂನು. ಫೆಮಾ ಬೇರೆ, ಅದು ಹಾಗೆಯೇ ಇದೆ. ತಂಗಿಯ ಹೆಸರಿಗೆ ತೆಗೆದು ನೀವು ಹಣ ಹಾಕುವ ದಾರಿಗೂ ಇಳಿಯಬೇಡಿ, ಬೇನಾಮಿ ತಕರಾರಿಗೆ ಸಿಕ್ಕಿಕೊಳ್ಳುತ್ತೀರಿ.

ಇನ್ನು ಸಿಆರ್‌ಜೆಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ. 2019ರ ಅಧಿಸೂಚನೆಯಂತೆ ಗ್ರಾಮೀಣ ಕರಾವಳಿಯಲ್ಲಿ, 2011ರ ಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಕಡಿಮೆ ಜನ ಇರುವ ಕಡೆ, ಉಬ್ಬರ ರೇಖೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶ ಇಲ್ಲ. ಜನಸಾಂದ್ರತೆ ಹೆಚ್ಚಿದ್ದರೆ ಆ ಮಿತಿ 50 ಮೀಟರ್. ನಿಮ್ಮ ಸರ್ವೆ ನಂಬರ್ ಯಾವುದರಲ್ಲಿದೆ ಎಂದು ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ನೋಡಿ. ದಲ್ಲಾಳಿ ಹೆಜ್ಜೆ ಹಾಕಿ ಅಳೆದು ತೋರಿಸಿದ್ದನ್ನು ನಂಬಬೇಡಿ. ಇಲ್ಲಿ ಶಾಂಭವಿ, ನಂದಿನಿ ಎರಡೂ ಸಮುದ್ರ ಸೇರುತ್ತವೆ, ಉಬ್ಬರದ ನೀರು ನದಿಯಲ್ಲಿ ಒಳಗೆ ಬರುತ್ತದೆ. ಹಾಗಾಗಿ ನದಿ ದಂಡೆಗೂ ನಿರ್ಬಂಧ ಇದೆ.

ಒಳ್ಳೆಯ ಸುದ್ದಿ ಏನೆಂದರೆ ಅದೇ ಅಧಿಸೂಚನೆ ಸ್ಥಳೀಯರಿಗೆ ತಮ್ಮ ಈಗಿನ ಮನೆಯಲ್ಲಿ ಹೋಂಸ್ಟೇ ನಡೆಸಲು ಬಿಡುತ್ತದೆ. ಷರತ್ತು ಇಷ್ಟು: ಪಂಚಾಂಗದ (ಮನೆಯ ಅಡಿಪಾಯದ) ವಿಸ್ತೀರ್ಣ, ವಿನ್ಯಾಸ, ಮುಂಭಾಗ ಬದಲಾಗಬಾರದು.

ಯಾವ ಜಾಗವೇ ಆಗಲಿ, ಪಹಣಿ, ಇಸಿ (ಋಣಭಾರ ಪತ್ರ), 11ಇ ನಕ್ಷೆ (ಸರ್ವೆ ಇಲಾಖೆಯ ಅಳತೆ ನಕ್ಷೆ) ಮೂರನ್ನೂ ಒಟ್ಟಿಗೆ ಇಟ್ಟು ನೋಡಿ. ನಮ್ಮ ಜಿಲ್ಲೆಯಲ್ಲಿ ವರ್ಗ ಜಾಗದ (ಸ್ವಂತ ಪಟ್ಟಾ ಜಾಗದ) ಜೊತೆ ಅದಕ್ಕೆ ತಾಗಿದ ಕುಮ್ಕಿಯನ್ನೂ ತೋರಿಸಿ ಬೆಲೆ ಹೇಳುತ್ತಾರೆ. ಕುಮ್ಕಿ ಸರ್ಕಾರದ್ದು, ಅನುಭೋಗದ ಹಕ್ಕು ಮಾತ್ರ ಇರುತ್ತದೆ, ಅದಕ್ಕೆ ದುಡ್ಡು ಕೊಡಬೇಡಿ. ಮನೆ ಅಮ್ಮನ ಕಡೆಯದು ಅಂದಿರಿ. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ಕುಟುಂಬವಾದರೆ ಪಾಲುದಾರರು ಬಹಳ ಮಂದಿ ಇರುತ್ತಾರೆ. ವಿಭಾಗಪತ್ರ ಆಗದೆ ಒಂದು ಗೋಡೆಗೂ ಖರ್ಚು ಮಾಡಬೇಡಿ.

ಕಟ್ಟಡ ಕಂಟ್ರಾಕ್ಟರ್: ಪಂಚಾಂಗ ದಾಟುವಂತಿಲ್ಲವಾದ್ದರಿಂದ ಬಚ್ಚಲು ಒಳಗೇ ಮಾಡಬೇಕು. ಎರಡು ಕೋಣೆಗಳ ನಡುವಿನ ಸಣ್ಣ ಕೋಣೆಯನ್ನು ಅಡ್ಡಗೋಡೆ ಹಾಕಿ ಎರಡು ಮಾಡಿದರೆ ಎರಡಕ್ಕೂ ಅಟ್ಯಾಚ್ಡ್ ಆಗುತ್ತದೆ. ಇಂಗುಗುಂಡಿ ಮಾತ್ರ ಇದ್ದರೆ ಸಾಲದು. ಮಳೆಗಾಲದಲ್ಲಿ ಅಂತರ್ಜಲ ಮೇಲೆ ಬಂದು ಗುಂಡಿ ತುಂಬುತ್ತದೆ, ಮರಳು ನೆಲದಲ್ಲಿ ಕೊಳಕು ಬೇಗ ಬಾವಿಗೆ ಸೇರುತ್ತದೆ. ಸೋರದ ಸೆಪ್ಟಿಕ್ ಟ್ಯಾಂಕ್ ಹಾಕಿ, ಬಾವಿಯಿಂದ ಕನಿಷ್ಠ 15 ಮೀಟರ್ ದೂರ ಇಡಿ.

ಎಲ್ಲರೂ ಮರೆಯುವುದು ಮರಳನ್ನು. ನಾಲ್ಕು ಜನ ನೇರವಾಗಿ ಬಚ್ಚಲಿಗೆ ಬಂದು ಮಿಂದರೆ ನೀರು ಹೋಗುವ ಟ್ರ್ಯಾಪ್ ಮರಳಿನಿಂದ ಕಟ್ಟುತ್ತದೆ. ಅಂಗಳದಲ್ಲಿ ಎರಡು ಶವರ್ ಇಡಿ. ನೀರು ಮೊದಲು ಒಂದೂವರೆ ಅಡಿ ಆಳದ ಚೇಂಬರಿಗೆ ಬೀಳಬೇಕು, ಹೊರಹೋಗುವ ಪೈಪ್ ತಳದಿಂದ ಒಂದಡಿ ಮೇಲಿರಬೇಕು. ಆಗ ಮರಳು ತಳದಲ್ಲೇ ಕೂರುತ್ತದೆ, ವಾರಕ್ಕೊಮ್ಮೆ ಬಾಚಿ ತೆಗೆದರೆ ಸಾಕು.

ಉಪ್ಪುಗಾಳಿಗೆ ಕಬ್ಬಿಣದ ಗ್ರಿಲ್ ಬೇಗ ಹಾಳಾಗುತ್ತದೆ. ಹೊರಗಿನ ಹಿಂಜಿಸ್, ಸ್ಕ್ರೂ, ನಲ್ಲಿಗಳಿಗೆ 316 ದರ್ಜೆಯ ಸ್ಟೀಲ್ ಕೇಳಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಕೊಡುವ 304 ಕಡಲ ಬದಿಯಲ್ಲಿ ಕಂದು ಕಲೆ ಹಿಡಿಯುತ್ತದೆ.

ಬೋರ್ಡ್ ರಿಪೇರಿ ಮಾಡುವವರು: ಜಾಗ ಇಲ್ಲದವರಿಗೂ ಕೆಲಸ ಇದೆ, ಊರಿನ ಹುಡುಗರಿಗೆ ಹೇಳಿ. ಒಡೆದ ಬೋರ್ಡ್ ಸರಿಮಾಡಲು ಫೈಬರ್ ಬಟ್ಟೆ, ರೆಸಿನ್, ಸ್ಯಾಂಡ್‌ಪೇಪರ್, ಮಾಸ್ಕ್ ಇದ್ದರೆ ಶುರು ಮಾಡಬಹುದು. ಒಳಗಿನ ಫೋಮ್ ಇಪಿಎಸ್ (ಥರ್ಮೋಕೋಲ್ ಜಾತಿಯದು) ಆಗಿದ್ದರೆ ಎಪಾಕ್ಸಿ ರೆಸಿನ್ನನ್ನೇ ಬಳಸಬೇಕು. ಅಗ್ಗ ಅಂತ ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಫೋಮ್ ಕರಗಿ ಗುಳಿ ಬೀಳುತ್ತದೆ. ನೀರು ಕುಡಿದ ಬೋರ್ಡನ್ನು ಪೂರ್ತಿ ಒಣಗಿಸದೆ ಮುಚ್ಚಬೇಡಿ, ಪದರ ಏಳುತ್ತದೆ.

ಪ್ರಶ್ನೆ ಕೇಳಿದವರು: ಗದ್ದೆ ವಿಚಾರ ಬಿಟ್ಟೆ. ತಂಗಿ, ಭಾವ ಮನೆಯಲ್ಲೇ ಇರುವುದರಿಂದ ಹೋಂಸ್ಟೇ ಮಾಡಬಹುದಲ್ಲವೇ?

ಜಾಗದ ಕಾಗದಪತ್ರ ನೋಡುವವರು: ಧಾರಾಳವಾಗಿ. ಮನೆಯವರು ಅಲ್ಲೇ ವಾಸವಿರುವುದೇ ಹೋಂಸ್ಟೇಗೆ ಮುಖ್ಯ. ತಂಗಿ ಹೆಸರಿನಲ್ಲಿ ಪ್ರವಾಸೋದ್ಯಮ ಇಲಾಖೆಗೆ ಅರ್ಜಿ ಹಾಕಿ. ಪಂಚಾಯತಿಯ ಅನುಮತಿ, ಊಟ ಕೊಡುವುದಾದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯೂ ಬೇಕು. ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಅವರ ವಿವರ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು.

ಸರ್ಫಿಂಗ್ ಕಲಿಸುವವರು: ಜಗಲಿಯಲ್ಲಿ ಹತ್ತಡಿ ಉದ್ದದ ನೆರಳಿನ ಜಾಗ ಬಿಡಿ ಮಾರಾಯ್ರೆ, ಕಲಿಯುವವರ ಬೋರ್ಡ್ ಎಂಟು ಒಂಬತ್ತು ಅಡಿ ಇರುತ್ತದೆ. ಪಿವಿಸಿ ಪೈಪಿಗೆ ಫೋಮ್ ಸುತ್ತಿ ಸ್ಟ್ಯಾಂಡ್ ಮಾಡಿದರೆ ಸಾಕು. ಬಿಸಿಲಿಗೆ ಇಟ್ಟರೆ ಬೋರ್ಡಿಗೆ ಹಚ್ಚಿದ ಮೇಣ ಕರಗಿ ನೆಲಕ್ಕೆಲ್ಲ ಅಂಟುತ್ತದೆ.