ಕೆಲಸ ಬರುತ್ತೆ, ಮಾತು ಬರಲ್ಲ: ಮೀಟಿಂಗ್‌ನಲ್ಲಿ ಬಾಯಿ ಬಿಡದವರು ಮುಂದೆ ಬರುವುದು ಹೇಗೆ?

ಪಾಂಡವಪುರದ ಮೂಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತೇನೆ, ಬರೆಯುತ್ತಿರುವುದು ಇದೇ ಮೊದಲು. ಇದನ್ನೂ ಮೂರು ಸಲ ಟೈಪ್ ಮಾಡಿ ಅಳಿಸಿದ್ದೇನೆ.

ನನಗೆ 31. ಪಾಂಡವಪುರದ ಕಡೆಯವನು. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಆಟೋ ಪಾರ್ಟ್ಸ್ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಎಂಟು ವರ್ಷದಿಂದ ಇದ್ದೇನೆ.

ಹೋದ ವರ್ಷ ನಡೆದದ್ದು ಹೇಳುತ್ತೇನೆ. ಒಂದು ತೆಳು ಗೋಡೆಯ ರಿಂಗ್ ಕಸ್ಟಮರ್ ಹತ್ತಿರ ಹೋಗಿ ರಿಜೆಕ್ಟ್ ಆಗಿ ವಾಪಸ್ ಬರುತ್ತಿತ್ತು. ನಮ್ಮಲ್ಲಿ ಅಳೆದರೆ ಎಲ್ಲಾ ಸರಿ. ಬೋರ್, ಅಂದರೆ ಒಳಗಿನ ತೂತಿನ ಸೈಜ್, ಯಾವ ದಿಕ್ಕಿನಲ್ಲಿ ನೋಡಿದರೂ ಒಂದೇ. ಎರಡು ವಾರ ತಲೆ ಕೆಡಿಸಿಕೊಂಡೆ. ಕೊನೆಗೆ ಗೊತ್ತಾಯಿತು, ಮೆಷಿನ್‌ನಲ್ಲಿ ಪಾರ್ಟ್ ಹಿಡಿಯುವ ಮೂರು ದವಡೆಯ ಚಕ್ ಆ ರಿಂಗನ್ನು ಸಿಕ್ಕಾಪಟ್ಟೆ ಅಮುಕಿ ಹಿಡಿಯುತ್ತಿತ್ತು. ಹಿಡಿದಿರುವಾಗ ಕೊರೆದ ಬೋರ್ ಗುಂಡಗೇ ಇರುತ್ತಿತ್ತು, ಚಕ್ ಬಿಟ್ಟ ತಕ್ಷಣ ರಿಂಗ್ ತನ್ನ ಹಳೇ ಆಕಾರಕ್ಕೆ ವಾಪಸ್ ಹೋಗಿ ಬೋರ್ ಮೂರು ಮೂಲೆ ಆಗುತ್ತಿತ್ತು. ನಾವು ಬಳಸುತ್ತಿದ್ದದ್ದು ಎರಡು ಕಡೆ ಮುಟ್ಟುವ ಗೇಜ್. ಮೂರು ಮೂಲೆಯ ಬೋರನ್ನು ಎರಡು ಕಡೆಯಿಂದ ಅಳೆದರೆ ಎಲ್ಲಾ ಕಡೆಯೂ ಹೆಚ್ಚು ಕಡಿಮೆ ಒಂದೇ ಅಳತೆ ತೋರಿಸುತ್ತೆ, ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರು ಕಡೆ ಮುಟ್ಟುವ ಬೋರ್ ಗೇಜ್ ಹಾಕಿ ತಿರುಗಿಸಿದೆ. ಒಂದೊಂದು ಕಡೆ ಒಂದೊಂದು ಅಳತೆ. ಅವತ್ತು ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

8ಡಿ ರಿಪೋರ್ಟ್ (ತೊಂದರೆಯ ಕಾರಣ ಹುಡುಕಿ ಸರಿಪಡಿಸಿದ್ದನ್ನು ಎಂಟು ಹಂತದಲ್ಲಿ ಬರೆಯುವ ವರದಿ) ಪೂರ್ತಿ ನಾನೇ ಬರೆದೆ. ಕಸ್ಟಮರ್ ಕಡೆಯವರು ಆಡಿಟ್‌ಗೆ ಬಂದರು. ಪಿಪಿಟಿ ತೋರಿಸಿದ್ದು ನನ್ನ ಜೊತೆಗಾರ. ಮುಗಿದ ಮೇಲೆ ಅವರು, "ತುಂಬಾ ಚೆನ್ನಾಗಿದೆ, ಯಾರು ಕಂಡುಹಿಡಿದಿದ್ದು ಇದು?" ಅಂತ ಕೇಳಿದರು. ನನ್ನ ಗಂಟಲು ಒಣಗಿತ್ತು. ತಟ್ಟೆಯಲ್ಲಿದ್ದ ಮಾರಿ ಬಿಸ್ಕತ್ತಿನ ತೂತು ಎಣಿಸುತ್ತಾ ಕೂತಿದ್ದೆ. "ಟೀಮ್ ವರ್ಕ್ ಸಾರ್" ಅಂದ ಅವನು. ಏಪ್ರಿಲ್‌ನಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಆದ. ಅವನೇನೂ ಕೆಟ್ಟವನಲ್ಲ. ಅವನು ಮಾತಾಡಿದ, ನಾನು ಆಡಲಿಲ್ಲ.

ಕೇಳಿದವರೆಲ್ಲಾ "ನೆಟ್‌ವರ್ಕಿಂಗ್ ಮಾಡು" ಅಂತಾರೆ. ಅದಕ್ಕೆ ಅಂತಲೇ ಬೆಂಗಳೂರಿಗೆ ಇಮ್‌ಟೆಕ್ಸ್ ಅನ್ನುವ ಯಂತ್ರಗಳ ಮೇಳಕ್ಕೆ ಹೋದೆ. ಒಬ್ಬರು ನಗುತ್ತಾ "ಹೇಳಿ ಸಾರ್" ಅಂದರೆ ನಾನು "ಸುಮ್ನೆ ನೋಡ್ತಿದ್ದೆ" ಅಂದೆ, ಸೀರೆ ಅಂಗಡಿಯಲ್ಲಿ ಹೇಳುತ್ತಾರಲ್ಲ ಹಾಗೆ. ಒಂದು ಚೀಲ ಕ್ಯಾಟಲಾಗ್ ಹೊತ್ತುಕೊಂಡು ವಾಪಸ್ ಬಂದೆ, ಒಬ್ಬರ ಪರಿಚಯವೂ ಆಗಲಿಲ್ಲ. ಲಿಂಕ್ಡ್‌ಇನ್‌ನಲ್ಲಿ 61 ಜನ ಇದ್ದಾರೆ, ಅರ್ಧ ಕಾಲೇಜಿನವರು.

ನನ್ನ ಸ್ವಭಾವ ಬದಲಾಗಲ್ಲ ಅಂತ ಈಗ ಒಪ್ಪಿಕೊಂಡಿದ್ದೇನೆ. ಹೀಗೇ ಇದ್ದುಕೊಂಡು ಮೇಲೆ ಬರುವುದಕ್ಕೆ ದಾರಿ ಇದೆಯಾ? ಇಲ್ಲ ಅಂದರೆ ಇಲ್ಲ ಅಂತಲೇ ಹೇಳಿ, ಬೇಜಾರಿಲ್ಲ.

ಗರಡಿ ಹುಡುಗ:

ಗುರು, ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತ ಗಾದೆ ಸುಮ್ನೆ ಮಾಡಿಲ್ಲ. ಟೋಸ್ಟ್‌ಮಾಸ್ಟರ್ಸ್ ಸೇರಿಕೊಳ್ಳಿ, ಭಾಷಣ ಅಭ್ಯಾಸ ಮಾಡುವ ಕ್ಲಬ್ ಅದು. ಮೈಸೂರಿನಲ್ಲೂ ಕ್ಲಬ್ ಇವೆ. ಅಲ್ಲಿ ಒಂದು ವಿಷಯ ಕೊಟ್ಟು ಒಂದೆರಡು ನಿಮಿಷ ಮಾತಾಡಿ ಅಂತಾರೆ, ತಯಾರಿ ಇಲ್ಲದೆ. ಮೊದಲ ಸಲ ನನ್ನ ಕಾಲು ನಡುಗಿತ್ತು. ಹತ್ತನೇ ಸಲಕ್ಕೆ ನಿಲ್ಲಿಸಿ ಅಂತ ಗಂಟೆ ಹೊಡೆಯಬೇಕಾಯಿತು. ಈಜು ಬರಬೇಕು ಅಂದರೆ ನೀರಿಗೆ ಇಳಿಯಲೇಬೇಕು ಅಲ್ವಾ.

ಪಾಂಡವಪುರದ ಮೂಗ:

ಥ್ಯಾಂಕ್ಸ್ ಸಾರ್. ಆದರೆ ನೀರಿಗೆ ಇಳಿಯುವ ಮೆಟ್ಟಿಲಲ್ಲೇ ನಾನು ಕೂತಿದ್ದೇನೆ. ಅದಕ್ಕಿಂತ ಸ್ವಲ್ಪ ಮೇಲಿಂದ ಶುರು ಮಾಡುವ ಉಪಾಯ ಇದ್ದರೆ ಹೇಳಿ.

ಸೀಸನ್ ಪಾಸ್ ಅಕ್ಕ:

ತಮ್ಮಾ, ನಿನ್ನ ಬಿಸ್ಕತ್ತಿನ ಕಥೆ ಓದಿ ಮೊದಲು ನಕ್ಕುಬಿಟ್ಟೆ. ಆಮೇಲೆ ನಗು ಬರಲಿಲ್ಲ. ನಾನೂ ಅದೇ ಜಾತಿ. ಈಗ 46, ಒಂದು ಕಾರ್ಖಾನೆಯ ಪರ್ಚೇಸ್ ನೋಡಿಕೊಳ್ಳುತ್ತೇನೆ. ದಿನಕ್ಕೆ ಇಪ್ಪತ್ತು ಸಪ್ಲೈಯರ್ ಜೊತೆ ಮಾತು, ಚೌಕಾಸಿ, ಜಗಳ ಎಲ್ಲಾ ಇರುತ್ತೆ. ಸಂಜೆ ಮನೆಗೆ ಬಂದರೆ ಒಂದು ಗಂಟೆ ಯಾರೂ ನನ್ನನ್ನು ಮಾತಾಡಿಸಬಾರದು. ನಮ್ಮ ಮನೆಯವರಿಗೆ ಅಭ್ಯಾಸ ಆಗಿದೆ, ಕಾಫಿ ಲೋಟ ಇಟ್ಟು ಸದ್ದಿಲ್ಲದೆ ಹೋಗುತ್ತಾರೆ. ಅಂದರೆ ಸ್ವಭಾವ ಹೋಗಿಲ್ಲ. ಕೆಲಸ ಮಾತ್ರ ನಡೆಯುತ್ತಿದೆ.

2003ರಲ್ಲಿ ನಾನು ಮಂಡ್ಯದಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಓಡಾಡುತ್ತಿದ್ದೆ, ಸಣ್ಣ ಸಂಬಳದ ಕೆಲಸಕ್ಕೆ. ಆಗ ಜೋಡಿ ಹಳಿ ಇರಲಿಲ್ಲ. ಎದುರಿನಿಂದ ಬರುವ ಗಾಡಿಗೆ ದಾರಿ ಬಿಡುವುದಕ್ಕೆ ನಮ್ಮ ಗಾಡಿಯನ್ನು ಪಾಂಡವಪುರದಲ್ಲೋ ಶ್ರೀರಂಗಪಟ್ಟಣದಲ್ಲೋ ನಿಲ್ಲಿಸಿಬಿಡುತ್ತಿದ್ದರು, ಕಾಲು ಗಂಟೆ, ಕೆಲವು ದಿನ ಅರ್ಧ ಗಂಟೆ. ಎದುರು ಸೀಟಿನಲ್ಲಿ ಒಬ್ಬರು ಕೂರುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಮಡಿಲಲ್ಲಿ ಚೀಲ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದರು, ಮನೆಗೆ ಹೋಗಿ ಸಾರು ಮಾಡಬೇಕಲ್ಲ. ಒಂದು ದಿನ ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯುವುದಕ್ಕೆ ಶುರು ಮಾಡಿದೆ. ಕೈಗೆ ಕೆಲಸ ಇದ್ದರೆ ನಮ್ಮಂಥವರ ಬಾಯಿ ತಾನಾಗೇ ಬಿಡುತ್ತೆ, ನೋಡಿದ್ದೀಯಾ? ಮುಖ ನೋಡಬೇಕಾಗಿಲ್ಲ. ಅವರ ಹೆಸರು ನನಗೆ ಗೊತ್ತಾಗಿದ್ದು ಮೂರು ತಿಂಗಳ ಮೇಲೆ. ಹಾಗಿದ್ದವರು ಒಂದು ಸಂಜೆ, "ನಮ್ಮ ಆಫೀಸಿನ ಸ್ಟೋರ್ಸ್‌ಗೆ ಒಬ್ಬರು ಬೇಕಂತೆ, ನಿಮಗೆ ಟ್ಯಾಲಿ ಬರುತ್ತಾ?" ಅಂದರು. ನಾನು ಈ ಲೈನಿಗೆ ಬಂದದ್ದು ಹೀಗೆ.

ನನಗೆ ಜೀವದ ಗೆಳತಿಯರು ಐದು ಜನ ಇದ್ದರು. ಒಬ್ಬಳಿಂದಲೂ ಕೆಲಸದ ಸುದ್ದಿ ಬರಲಿಲ್ಲ. ಹೇಗೆ ಬರುತ್ತೆ? ನಾನು ಓದುವ ಅದೇ ಪೇಪರಿನ ಅದೇ ಜಾಹೀರಾತನ್ನು ಅವರೂ ಓದುತ್ತಿದ್ದರು. ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಯಿತು, ಮಾರ್ಕ್ ಗ್ರಾನೊವೆಟರ್ ಅನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞರು 1973ರಲ್ಲೇ ಇದನ್ನು ಬರೆದಿದ್ದಾರೆ ಅಂತ. ಬಾಸ್ಟನ್ ಪಕ್ಕದ ಒಂದು ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಕೇಳಿದರಂತೆ, ಸುದ್ದಿ ಹೇಳಿದವರನ್ನು ನೀವು ಎಷ್ಟು ಸಲ ನೋಡುತ್ತಿದ್ದಿರಿ ಅಂತ. ಪದೇ ಪದೇ ನೋಡುತ್ತಿದ್ದೆ ಅಂದವರು ನೂರಕ್ಕೆ 17ರಷ್ಟು ಜನ. ಅಪರೂಪಕ್ಕೊಮ್ಮೆ, ಆಗೊಮ್ಮೆ ಈಗೊಮ್ಮೆ ಅಂದವರೇ ಉಳಿದ 83. ನಮ್ಮಲ್ಲಿ ಮುಖ ಪರಿಚಯ ಅಂತಾರಲ್ಲ, ಅದು. ಮುಖ ಪರಿಚಯಕ್ಕೆ ಜಾಸ್ತಿ ಮಾತು ಬೇಕಾಗಲ್ಲ ಅನ್ನುವುದೇ ನಮಗೆ ಅನುಕೂಲ.

ಹಾಗಾಗಿ ಹಾಲ್ ತುಂಬ ಇರುವ ಜನ ನಿನಗೆ ಬೇಡ. ಆಡಿಟ್‌ಗೆ ಬಂದು "ಯಾರು ಕಂಡುಹಿಡಿದಿದ್ದು" ಅಂತ ಕೇಳಿದರಲ್ಲ, ಅವರೊಬ್ಬರು ಸಾಕು. ಅವರಿಗೆ ಒಂದು ಮೇಲ್ ಹಾಕು. ಕೆಲಸ ಕೇಳಬೇಡ, ಹೊಗಳಬೇಡ. "ಚಕ್ ಪ್ರೆಶರ್ ಕಡಿಮೆ ಮಾಡಿದ ಮೇಲಿನ ಮೂರು ತಿಂಗಳ ಅಳತೆ ಇದು, ನಿಮ್ಮ ಲೈನಿನಲ್ಲಿ ಹೇಗಿದೆ ತಿಳಿಸುತ್ತೀರಾ?" ನಾಲ್ಕು ಸಾಲು. ಅವತ್ತು ಬಾಯಲ್ಲಿ ಬರದ ಉತ್ತರ ಇವತ್ತು ಬೆರಳಲ್ಲಿ ಬರಲಿ.

ಇನ್ನೊಂದು, ಇದು ಸಣ್ಣದು. ಮೀಟಿಂಗ್‌ಗೆ ಹತ್ತು ನಿಮಿಷ ಮೊದಲೇ ಹೋಗು. ಇಬ್ಬರು ಮೂವರು ಇರುವಾಗ "ಫ್ಯಾನ್ ಕಡಿಮೆ ಮಾಡಲಾ ಸಾರ್" ಅಂತಾದರೂ ಒಂದು ಮಾತಾಡು. ಆ ರೂಮಿನಲ್ಲಿ ಒಂದು ಸಲ ನಿನ್ನ ದನಿ ನಿನಗೇ ಕೇಳಿದ್ದರೆ ಎರಡನೇ ಸಲ ಅಷ್ಟು ಕಷ್ಟ ಆಗಲ್ಲ. ಎಲ್ಲರೂ ಕೂತ ಮೇಲೆ ಮೊದಲ ಮಾತು ಅಂದರೆ ನನಗೆ ಈಗಲೂ ಆಗಲ್ಲ.

ಟೂಲ್ ರೂಮ್ ಮಾವ:

ಏನಪ್ಪಾ ಮೂಗ, 8ಡಿಯಲ್ಲಿ ಎಂಟನೇ ಡಿ ಏನು ಅಂತ ನೆನಪಿದೆಯಾ? ಕೆಲಸ ಮಾಡಿದವರನ್ನು ಗುರುತಿಸಿ ಶಭಾಷ್ ಹೇಳುವುದು. ನಿಮ್ಮಲ್ಲಿ ಏಳಕ್ಕೇ ಫೈಲ್ ಮುಚ್ಚಿದ್ದಾರೆ.

ಮಾತಾಡಲ್ಲ ಅಂದರೆ ಪರವಾಗಿಲ್ಲ, ಹೆಸರು ಬರೆಯುವುದಕ್ಕೂ ನಾಚಿಕೆನಾ? ಒಂದನೇ ಡಿಯಲ್ಲಿ ಟೀಮ್ ಪಟ್ಟಿ ಇರುತ್ತೆ. ಅಲ್ಲಿ ಯಾರು ಏನು ಮಾಡಿದರು ಅಂತ ಬರೆಯಬೇಕು. ನಾಲ್ಕನೇ ಡಿಯಲ್ಲಿ ಮೂಲ ಕಾರಣ ಬರೆಯುವಾಗ, ಅಳತೆ ತೆಗೆದವರು ಇಂಥವರು, ಇಂಥ ತಾರೀಖು, ಇಂಥ ಗೇಜ್ ನಂಬರ್ ಅಂತ ಹಾಕು. ಅದು ಜಂಬ ಅಲ್ಲ, ದಾಖಲೆ. ನೀನೇ ಬರೆದ ರಿಪೋರ್ಟ್‌ನಲ್ಲಿ ನಿನ್ನ ಹೆಸರಿಲ್ಲ ಅಂದರೆ ತಪ್ಪು ಜೊತೆಗಾರನದ್ದಲ್ಲ.

ಅಕ್ಕ ಹೇಳಿದ ಮೇಲ್ ಒಳ್ಳೆಯದೇ, ಆದರೆ ಒಂದು ಎಚ್ಚರ. ಕಸ್ಟಮರ್‌ಗೆ ನೇರವಾಗಿ ಅಂಕಿ ಕಳಿಸಬೇಡ. ಮೊದಲು ಮ್ಯಾನೇಜರ್‌ಗೆ ತೋರಿಸು, ಅವರನ್ನು ಸಿಸಿಯಲ್ಲಿ ಇಡು. ಇಲ್ಲದಿದ್ದರೆ ಒಳ್ಳೆಯದು ಮಾಡಲು ಹೋಗಿ ಮೆಮೊ ತಗೋತೀಯ. ಹಾಗೆ ಮಾಡಿದರೆ ಇನ್ನೊಂದು ಲಾಭ, ಅಂಕಿ ಇಟ್ಟುಕೊಂಡು ತೊಂದರೆಯ ಬೆನ್ನು ಹತ್ತಿರುವವನು ಯಾರು ಅಂತ ಮ್ಯಾನೇಜರ್‌ಗೂ ಗೊತ್ತಾಗುತ್ತೆ.

ಇನ್ನು ಮುಖ ಪರಿಚಯದ ವಿಷಯ. ಪೂರ್ತಿ ಒಪ್ಪಲ್ಲ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂತು, ಲಿಂಕ್ಡ್‌ಇನ್‌ನ 2 ಕೋಟಿ ಜನರ ಮೇಲೆ, ಐದು ವರ್ಷದ ಲೆಕ್ಕ. ತೀರಾ ಹತ್ತಿರದವರಿಗಿಂತ ಸ್ವಲ್ಪ ದೂರದ ಪರಿಚಯವೇ ಕೆಲಸ ಬದಲಿಸಲು ಜಾಸ್ತಿ ಉಪಯೋಗ ಅಂತ ಅದೂ ಹೇಳಿತು, ಆದರೆ ತೀರಾ ತೆಳುವಾದ ಪರಿಚಯಕ್ಕೆ ಅಷ್ಟು ಬಲ ಇಲ್ಲ. ಅದಕ್ಕಿಂತ ಮುಖ್ಯ, ಈ ಮಾತು ಸಾಫ್ಟ್‌ವೇರ್ ತರಹದ ಡಿಜಿಟಲ್ ಕ್ಷೇತ್ರಗಳಿಗೆ ಜಾಸ್ತಿ ಹೊಂದುತ್ತೆ. ಡಿಜಿಟಲ್ ಕಡಿಮೆ ಇರುವ ಕಡೆ ಗಟ್ಟಿ ಪರಿಚಯವೇ ಮೇಲು ಅಂತ ಬಂತು. ನಮ್ಮ ಹೆಬ್ಬಾಳ, ಹೂಟಗಳ್ಳಿಯಲ್ಲಿ ನಾನು ಕಂಡಿದ್ದೂ ಅದೇ. ಇಲ್ಲಿ "ಅವನ ಕೈ ಕೆಲಸ ನಾನು ನೋಡಿದ್ದೀನಿ" ಅಂತ ಹೇಳುವ ಒಬ್ಬ ಬೇಕು. ಅಂಥವರು ನಿನಗೆ ಈಗಾಗಲೇ ಇದ್ದಾರೆ. ಎಂಟು ವರ್ಷದಲ್ಲಿ ನಿಮ್ಮ ಕಂಪನಿ ಬಿಟ್ಟು ಹೋದವರೆಲ್ಲಾ ಈಗ ಎಲ್ಲೆಲ್ಲಿದ್ದಾರೆ ಅಂತ ಒಂದು ಹಾಳೆಯಲ್ಲಿ ಬರೆ. ಆಯುಧಪೂಜೆಗೆ ವಾಟ್ಸಾಪ್‌ನಲ್ಲಿ ಹೂವಿನ ಫೋಟೋ ಕಳಿಸುವ ಬದಲು, "ಅಣ್ಣ, ನಿಮ್ಮ ಹೊಸ ಕಡೆ ತೆಳು ಪಾರ್ಟ್ ಹಿಡಿಯುವುದಕ್ಕೆ ಸಾಫ್ಟ್ ಜಾ ಹಾಕ್ತೀರೋ ಕೊಲೆಟ್ ಹಾಕ್ತೀರೋ?" ಅಂತ ಕೇಳು. ಕೆಲಸದ ಪ್ರಶ್ನೆ ಕೇಳಿದರೆ ಯಾವ ಟೂಲ್ ರೂಮಿನವನೂ ಉತ್ತರ ಕೊಡದೆ ಇರಲ್ಲ. ನಿಲ್ಲಿಸುವುದೇ ಕಷ್ಟ, ಈಗ ನನ್ನನ್ನೇ ನೋಡು.

ಮೇಳದಲ್ಲೂ ಅಷ್ಟೇ. ಮೂರು ಸ್ಟಾಲ್ ಮೊದಲೇ ಗುರುತು ಹಾಕಿಕೊಂಡು ಹೋಗಬೇಕು, ಜೇಬಿನಲ್ಲಿ ಆ ಕೆಟ್ಟ ರಿಂಗ್ ಇಟ್ಟುಕೊಂಡು, ಅಂದರೆ ಕಂಪನಿಯವರು ಒಪ್ಪಿದರೆ. "ಹೇಳಿ ಸಾರ್" ಅಂದ ತಕ್ಷಣ ರಿಂಗ್ ತೆಗೆದು ಅವರ ಕೈಗೆ ಕೊಡು. ಆಮೇಲೆ ಮಾತೆಲ್ಲಾ ಅವರದ್ದೇ.

ಮೆಟ್ಟಿಲು ಹತ್ತುವವಳು:

ಒಂದು ವಿಷಯ ಇಲ್ಲಿ ಕಲಸಿಹೋಗುತ್ತಿದೆ. ಅಂತರ್ಮುಖಿ ಬೇರೆ, ನಾಚಿಕೆ ಬೇರೆ. ಜನರ ಮಧ್ಯೆ ಇದ್ದು ಸುಸ್ತಾಗಿ ಒಬ್ಬರೇ ಇರಬೇಕು ಅನ್ನಿಸಿದರೆ ಅದು ಮೊದಲನೆಯದು, ಅಕ್ಕನ ಕಾಫಿ ಹಾಗೆ. ಮಾತಾಡಬೇಕು ಅಂತ ಆಸೆ ಇದ್ದು ಭಯಕ್ಕೆ ಆಡಲಾಗದೆ ಇದ್ದರೆ ಎರಡನೆಯದು. ನಿಮ್ಮ ಗಂಟಲು ಒಣಗಿದ್ದು ಎರಡನೆಯದರ ಹಾಗೆ ಕಾಣುತ್ತೆ. ನನಗೆ ಎದೆ ಹೊಡೆದುಕೊಂಡು, ಕೈ ಬೆವೆತು, ಹಿಂದಿನ ರಾತ್ರಿಯೇ ಹೊಟ್ಟೆ ಕೆಡುತ್ತಿತ್ತು. ಎರಡು ಪ್ರಮೋಷನ್ ಇಂಟರ್‌ವ್ಯೂಗೆ ರಜಾ ಹಾಕಿ ಚಾಮುಂಡಿ ಬೆಟ್ಟ ಹತ್ತಿ ಕೂತಿದ್ದೇನೆ, ಮನೆಯಲ್ಲಿ ಇಂಟರ್‌ವ್ಯೂ ಆಯಿತು ಅಂತ ಸುಳ್ಳು ಹೇಳಿ. ಅಷ್ಟಾದರೆ ಉಪಾಯ ಸಾಲದು, ತಿಳಿದವರ ಹತ್ತಿರ ಮಾತಾಡಬೇಕು. ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ, 14416, 24 ಗಂಟೆ, ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನಾನು ಆಮೇಲೆ ಕೌನ್ಸೆಲಿಂಗ್‌ಗೂ ಹೋದೆ. ಮೂರನೇ ಇಂಟರ್‌ವ್ಯೂಗೆ ಕೈ ಬೆವೆತುಕೊಂಡೇ ಹೋದೆ, ಆದರೆ ಹೋದೆ.

ಗರಡಿ ಹುಡುಗ:

ಸರಿ, ನಾನು ಸ್ವಲ್ಪ ಜೋರಾಗಿ ಹೇಳಿಬಿಟ್ಟೆ ಅನ್ನಿಸುತ್ತೆ. ಕ್ಲಬ್‌ಗೆ ಸುಮ್ನೆ ನೋಡುವುದಕ್ಕೆ ಅತಿಥಿಯಾಗಿಯೂ ಬರಬಹುದು ಗುರು. ಹಿಂದಿನ ಸಾಲು ಖಾಲಿ ಇರುತ್ತೆ.

ಪಾಂಡವಪುರದ ಮೂಗ (ಮೂರು ವಾರದ ಮೇಲೆ):

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ.

ಮೇಲ್ ಬರೆಯುವುದಕ್ಕೆ ಎರಡು ದಿನ ಆಯಿತು. ಮೊದಲ ಸಲ ಹದಿನೆಂಟು ಸಾಲು ಆಗಿತ್ತು, ಅದರಲ್ಲಿ ಐದು ಸಾಲು ಕ್ಷಮೆ ಕೇಳಿದ್ದೇ. ಕಡಿಮೆ ಮಾಡಿ ಐದಕ್ಕೆ ತಂದು ಮ್ಯಾನೇಜರ್‌ಗೆ ತೋರಿಸಿದೆ. ಅವರು ಕನ್ನಡಕ ಮೇಲೆ ಮಾಡಿ, "ಇದನ್ನ ಇನ್ನೂ ಟ್ರ್ಯಾಕ್ ಮಾಡ್ತಾ ಇದ್ದೀಯಾ ನೀನು?" ಅಂದರು. ಹೂಂ ಅಂದೆ. "ಕಳಿಸು" ಅಂದರು. ಪ್ರಮೋಷನ್ ಮಾತೆಲ್ಲಾ ಏನೂ ಇಲ್ಲ. ಆದರೆ ಮಾರನೇ ದಿನ ಕ್ಯಾಂಟೀನಿನಲ್ಲಿ ಅವರೇ ಬಂದು ಬೇರೆ ಒಂದು ಪಾರ್ಟ್ ಬಗ್ಗೆ ಕೇಳಿದರು, ನಿಂತೇ ಹತ್ತು ನಿಮಿಷ ಮಾತಾಡಿದೆವು. ಸಾರು ಆರಿಹೋಯಿತು.

ಟೂಲ್ ರೂಮ್ ಮಾವ ಹೇಳಿದ ಹಾಗೆ ಪಟ್ಟಿ ಮಾಡಿದೆ, ಕಂಪನಿ ಬಿಟ್ಟವರು 14 ಜನ ಸಿಕ್ಕರು. ನಾಲ್ಕು ಜನಕ್ಕೆ ಮೆಸೇಜ್ ಹಾಕಿದೆ. ಒಬ್ಬರು ನೋಡಿ ಸುಮ್ಮನಾದರು, ಎರಡು ದಿನ ಅದೇ ಕೊರೆಯಿತು. ಇನ್ನೊಬ್ಬರು ಆರು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದ್ದಾರೆ, ಪೂರ್ತಿ ಕೊಲೆಟ್ ಬಗ್ಗೆ. 14416ಕ್ಕೆ ಇನ್ನೂ ಮಾಡಿಲ್ಲ, ನಂಬರ್ ಸೇವ್ ಮಾಡಿಕೊಂಡಿದ್ದೇನೆ.

ಕಸ್ಟಮರ್ ಕಡೆಯವರು ನಿನ್ನೆ ಉತ್ತರ ಕೊಟ್ಟರು. ಅವರ ಇನ್ನೊಬ್ಬ ಸಪ್ಲೈಯರ್‌ಗೂ ಇದೇ ತೊಂದರೆಯಂತೆ, ಗುರುವಾರ 11 ಗಂಟೆಗೆ ವಿಡಿಯೋ ಕಾಲ್‌ನಲ್ಲಿ ಅವರಿಗೆ ನಾನೇ ವಿವರಿಸಬೇಕಂತೆ. ಐದು ಜನ ಇರುತ್ತಾರೆ. ಮ್ಯಾನೇಜರ್ ಹೂಂ ಅಂದುಬಿಟ್ಟಿದ್ದಾರೆ. ಈಗಲೇ ಗಂಟಲು ಒಣಗುತ್ತಿದೆ.

ಸೀಸನ್ ಪಾಸ್ ಅಕ್ಕ:

ಮೊದಲ ಎರಡು ವಾಕ್ಯ ಹಾಳೆಯಲ್ಲಿ ಬರೆದು ಸ್ಕ್ರೀನ್ ಪಕ್ಕ ಅಂಟಿಸಿಕೋ. ಕೈಗೆ ಆ ರಿಂಗ್ ತಗೋ, ಅದನ್ನು ತಿರುಗಿಸುತ್ತಾ ಮಾತಾಡು. ನೀರಿನ ಬಾಟಲ್ ಇರಲಿ. ಬಿಸ್ಕತ್ತು ಬೇಡ.